ಐದೂವರೆಯ ಬಸ್ಸು

ಮನೆಯವರು ಅವಳಿಗೆ ಇಟ್ಟ ಅಡ್ಡಹೆಸರು ಪ್ರಶ್ನೆಪತ್ರಿಕೆ. ಬಾಯಿ ತೆರೆದರೆ 'ಯಾಕೆ'. ಇಪ್ಪತ್ತೊಂದು ತುಂಬಿದರೂ ಆ ಚಟ ಬಿಡಲಿಲ್ಲ. ಯಾವ ಬಸ್ಸು ಎಷ್ಟು ಹೊತ್ತಿಗೆ ಓಡಬೇಕೆಂದು ತೀರ್ಮಾನಿಸುವವರು ಯಾರು ಎಂಬ ಕುತೂಹಲ ಹುಟ್ಟಿದ್ದೇ ತಡ, ಓರಗೆಯ ನಾಲ್ವರನ್ನು ಕಟ್ಟಿಕೊಂಡು ಸಾರಿಗೆ ಕಚೇರಿಯವರ ತಲೆ ತಿನ್ನತೊಡಗಿದಳು.

ಕಾರಣ ಮನೆಯಲ್ಲೇ ಇತ್ತು. ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಹಾಜರಿ ಆರು ಗಂಟೆಗೆ, ಮೊದಲ ಬಸ್ಸು ಆರೂವರೆಗೆ. ಹನ್ನೆರಡು ವರ್ಷ ನಡೆದು ನಡೆದು ಅಮ್ಮನ ಮೊಣಕಾಲು ಕೈಕೊಟ್ಟಿತ್ತು. ಐದೂವರೆಗೊಂದು ಬಸ್ಸು ಬಾರದಿದ್ದರೆ ಕೆಲಸ ಬಿಡುವುದೊಂದೇ ದಾರಿ.

"ಜನ ಎಷ್ಟಿದಾರೆ, ಎಣಿಸ್ಕೊಂಡು ಬನ್ನಿ," ಎಂದರು ಅಧಿಕಾರಿ.

ಐವರೂ ಕಾಗದ ಪೆನ್ನು ಹಿಡಿದು ಒಂದು ವಾರ ಐದೂವರೆಗೆ ಬಸ್ ಸ್ಟಾಪಿನಲ್ಲಿ ನಿಂತರು. ಒಂದು ನರಪಿಳ್ಳೆಯೂ ಬರಲಿಲ್ಲ.

"ಸ್ಟಾಪಲ್ಲಿ ಯಾರೂ ಇರಲ್ವಲ್ಲಮ್ಮ, ಯಾಕೆ?"

"ಬಸ್ಸೇ ಇಲ್ದಿರೋ ಹೊತ್ತಲ್ಲಿ ಅಲ್ಲಿ ಯಾಕೆ ನಿಂತ್ಕೋತಾರೆ, ಪೆದ್ದಿ? ನಾಳೆ ನನ್ ಜೊತೆ ಬಾ."

ಗೋದಾಮಿನ ಹಿಂದಿನ ಅಡ್ಡದಾರಿಯಲ್ಲಿ ಚಪ್ಪಲಿ ಸದ್ದೋ ಸದ್ದು. ಆಸ್ಪತ್ರೆಯ ಅಡುಗೆಯವರು, ಬಟ್ಟೆ ಒಗೆಯುವವರು, ಕಾವಲಿನವರು. ಒಟ್ಟು ಎಪ್ಪತ್ಮೂರು ಜನ. ತಾನು ಹೊದ್ದು ಮಲಗಿದ್ದಾಗೆಲ್ಲ ಅಮ್ಮ ಇವರ ನಡುವೆ ಕಾಲೆಳೆದುಕೊಂಡು ನಡೆಯುತ್ತಿದ್ದಳೆಂದು ನೆನೆದು ಮಗಳಿಗೆ ಕರುಳು ಚುರುಕ್ಕೆಂದಿತು.

ಆ ಎಣಿಕೆ ನೋಡಿ ಅಧಿಕಾರಿ ಒಂದು ವಾರದ ಮಟ್ಟಿಗೆ ಬಸ್ಸು ಬಿಟ್ಟರು. ಖಾಲಿ ಓಡಿದರೆ ರದ್ದು.

ಮೊದಲ ದಿನ ಹತ್ತಿದವರು ತಾಯಿ, ಮಗಳು ಇಬ್ಬರೇ. ಎಲ್ಲರಿಗೂ ಮೊದಲೇ ಹೇಳಿದ್ದರೂ ಯಾರೂ ನಂಬಿರಲಿಲ್ಲ. ಬಸ್ಸು ಬಾರದಿದ್ದರೆ ಹಾಜರಿ ತಪ್ಪುತ್ತದೆ, ಕಾಲನ್ನಾದರೆ ನಂಬಬಹುದು.

"ಎಲ್ಲಿದಾರಮ್ಮಾ ನಿಮ್ಮ ಎಪ್ಪತ್ಮೂರು ಜನ?" ಎಂದು ಕಂಡಕ್ಟರ್ ಛೇಡಿಸಿದ. ಪ್ರಶ್ನೆ ಕೇಳಿಯೇ ಬೆಳೆದವಳು ಅಮ್ಮನತ್ತ ತಿರುಗಿದಳು.

ಅಡ್ಡದಾರಿ ಬಂದು ದೊಡ್ಡ ರಸ್ತೆಗೆ ಸೇರುವಲ್ಲಿ ಅಮ್ಮ ಎದ್ದಳು. ಇಷ್ಟು ವರ್ಷ ಯಾರೆದುರೂ ದನಿ ಎತ್ತದವಳು "ನಿಲ್ಸಪ್ಪಾ!" ಎಂದು ಕೂಗಿ, ಕಿಟಕಿಯಿಂದ ತಲೆ ಹೊರಹಾಕಿದಳು.

"ಬನ್ರಮ್ಮಾ, ಬನ್ರಪ್ಪಾ, ಹತ್ಕೊಳ್ಳಿ! ನಡೆದಿದ್ದು ಸಾಕು. ನನ್ ಮಗಳು ತಂದಿರೋ ಬಸ್ಸು ಇದು!"

ನಡೆಯುತ್ತಿದ್ದವರು ನಿಂತರು, ಮುಖ ಮುಖ ನೋಡಿಕೊಂಡರು. ಮೊದಲು ಒಬ್ಬ ಅಡುಗೆಯವಳು ಹತ್ತಿದಳು, ಅವಳ ಹಿಂದೆ ಉಳಿದವರು. ಆಸ್ಪತ್ರೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ಕಂಬಿ ಹಿಡಿದು ನಿಂತಿದ್ದಳು. ಅಮ್ಮ ಕೂತಿದ್ದಳು.