ಸ್ವಲ್ಪ ದೂರದಲ್ಲೇ ಇಳಿಯುವ ಬಾಣ

ಮಾವನ ಹಲ್ಲುಗಳ ನಡುವೆ ಯಾವಾಗಲೂ ಬಲೆ ಹೆಣೆಯುವ ದಾರದ ತುದಿಯೊಂದು ಇರುತ್ತಿತ್ತು. ಅದನ್ನು ಕಚ್ಚಿ ಬಿಗಿಹಿಡಿದು, ಬಿದಿರಿನ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ, ಹುಂಜದ ಗರಿಯನ್ನು ಸುತ್ತಿ ಕಟ್ಟುತ್ತಿದ್ದರು. ಆಗ ಮಾತಾಡಿಸಿದರೆ ಉತ್ತರವೆಲ್ಲ ಮೂಗಿನಿಂದಲೇ ಬರುತ್ತಿತ್ತು.

ಅವರು ನನ್ನ ಮೊದಲ ಗಂಡನ ತಂದೆ. ತೆಂಗಿನಗುಂಡಿಯಲ್ಲಿ ಮೀನುಗಾರಿಕೆಗೆ ಹೋಗುವುದನ್ನು ಬಿಟ್ಟ ಮೇಲೆ ಬಿಲ್ಲು ಹಿಡಿದವರು. ನಮ್ಮ ದಂಡೆಯಲ್ಲಿ ಸಾಮಾನ್ಯ ಬಾಣ ಬಿಟ್ಟರೆ ಅದು ಸಮುದ್ರದ ಪಾಲು. ಅದಕ್ಕೇ ಅವರು ಮಾಡುತ್ತಿದ್ದದ್ದು ಫ್ಲೂ-ಫ್ಲೂ ಬಾಣ. ಗರಿಯನ್ನು ಸಣ್ಣದು ಮಾಡದೆ ಬಾಲದ ತುಂಬ ಪೊದೆಯ ಹಾಗೆ ಸುತ್ತಿರುತ್ತಾರೆ. ಬುರ್ರನೆ ಹಾರಿದ್ದು ಗಾಳಿಗೆ ತಡೆದು, ಸ್ವಲ್ಪ ದೂರದಲ್ಲೇ ಸುಸ್ತಾಗಿ ಇಳಿಯುತ್ತದೆ. ತೀರಾ ಮುಂದೆ ಹೋದರೆ "ಇದ್ರ ಸೊಕ್ಕು ಇನ್ನೂ ಇಳೀಲಿಲ್ಲ" ಎಂದು ಇನ್ನೊಂದು ಗರಿ ಸುತ್ತುತ್ತಿದ್ದರು. ಬಾಲ ಅಲ್ಲಾಡಿದರೆ ಗರಿಯ ಅಂಚನ್ನು ಚೂರೇ ಚೂರು ಸುಟ್ಟು ಸಮ ಮಾಡುತ್ತಿದ್ದರು.

ಸಂಜೆ ಅಪ್ಪ, ಮಗ ದಂಡೆಗೆ ಹೋಗುವರು. ಹಳೆ ಚಪ್ಪಲಿಯಿಂದ ಕತ್ತರಿಸಿದ ಬಿಲ್ಲೆಯನ್ನು ಮಗ ಮೇಲಕ್ಕೆಸೆಯುವುದು, ಅಪ್ಪ ಹೊಡೆಯುವುದು. ತಾಗಿದಾಗ ಇಬ್ಬರೂ ಹಾಕುವ ಕೇಕೆ ಮನೆಯವರೆಗೂ ಕೇಳುತ್ತಿತ್ತು.

ಮದುವೆಯಾದ ಮರುವರ್ಷ ನನ್ನ ಗಂಡ ಹೋದ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಅವರು ಬರಲಿಲ್ಲ.

ಅತ್ತೆ ಮೊದಲೇ ತೀರಿಕೊಂಡಿದ್ದರು. ಮಾವ ಬಿಲ್ಲನ್ನು ಅಟ್ಟಕ್ಕೆ ಹಾಕಿದರು. ನಾವಿಬ್ಬರೂ ಒಬ್ಬರೆದುರು ಒಬ್ಬರು ಅಳಲಾರದೆ ಸುಮ್ಮನೆ ಉಣ್ಣುತ್ತಿದ್ದೆವು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಬಿಲ್ಲು ಇಳಿಸಿ ಅವರ ಮುಂದಿಟ್ಟೆ.

"ಎಸೆಯೋರು ಯಾರು ಮಗಾ?"

"ನಾ ಎಸಿತೆ ಮಾವ. ಬನ್ನಿ."

ದಂಡೆಯಲ್ಲಿ ಬಿಲ್ಲೆ ಎಸೆದೆ. ಮಾವ ಹೆದೆಯನ್ನು ಕೆನ್ನೆಯವರೆಗೂ ಎಳೆದರು, ಬಿಡಲಾಗಲಿಲ್ಲ. ಬಿಲ್ಲು ಕೆಳಗಿಟ್ಟು, ಮರಳಲ್ಲಿ ಕುಸಿದು, ಮಗನ ಹೆಸರು ಕೂಗಿ ಅತ್ತರು. ಪಕ್ಕದಲ್ಲಿ ಕೂತು ನಾನೂ ಅತ್ತುಬಿಟ್ಟೆ. ಅಲ್ಲಿಂದ ಮುಂದೆ ದಿನಾ ಹೋದೆವು. ಗರಿ ಕಟ್ಟುವುದು, ಬಾಣವನ್ನು ಹದಕ್ಕೆ ತರುವುದು ನಾನು ಕಲಿತದ್ದು ಆ ಸಂಜೆಗಳಲ್ಲೇ.

ಒಂದು ದಿನ ಅವರು ಒಗೆದ ಅಂಗಿ ಹಾಕಿಕೊಂಡು ಹೊನ್ನಾವರದ ನನ್ನ ತವರಿಗೆ ಹೋಗಿಬಂದರು. ನನಗೆ ಬೇರೆ ಗಂಡು ನೋಡಿ ಎಂದು ಅಪ್ಪನಿಗೆ ಹೇಳಿ ಬಂದಿದ್ದರು. ನನಗೆ ಸಿಟ್ಟು ಬಂತು.

"ನಾ ನಿಮ್ಗೆ ಹೆಚ್ಚಾದ್ನಾ ಮಾವ?"

"ಹೆಚ್ಚಾದ್ದಲ್ಲ ಮಗಾ. ಅವನನ್ನ ಸಮುದ್ರ ತಕಂತು. ನಿನ್ನ ನಾ ತಕಂಡ್ರೆ ಹೆಂಗೆ?"

ಕುಮಟಾದ ಶಾಲಾ ಮಾಸ್ತರರೊಬ್ಬರೊಡನೆ ಮದುವೆಯಾಯಿತು. ಮಗ ಸತ್ತ ಮನೆಯಿಂದ ಸೊಸೆಯನ್ನು ಕಳಿಸಿದ್ದಕ್ಕೆ ಊರವರು ಆಡಿದ ಮಾತನ್ನೆಲ್ಲ ಮಾವ ಒಬ್ಬರೇ ಕೇಳಿಸಿಕೊಂಡರು. ಧಾರೆಯ ಹೊತ್ತಿಗೆ ಚಪ್ಪರದ ಹೊರಗೆ ನಿಂತಿದ್ದ ಅವರನ್ನು ನನ್ನ ಅಪ್ಪ ಕೈಹಿಡಿದು ಒಳಗೆ ಕರೆತಂದ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಾವ ತೀರಿಕೊಂಡರು. ಚಟ್ಟ ಎತ್ತುವಾಗ ಮಗ ನಿಲ್ಲಬೇಕಾದ ಜಾಗ ಖಾಲಿಯಿತ್ತು. ನನ್ನ ಗಂಡ ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಅಲ್ಲಿ ಹೋಗಿ ನಿಂತರು. ಗುರುತಿಲ್ಲದ ಹಿರಿಯರೊಬ್ಬರು ಕೇಳಿದರು:

"ನೀವು ಇವ್ರಿಗೆ ಎಂತ ಆಗ್ಬೇಕು?"

"ಅಳಿಯ" ಎಂದು ಅವರು ಹೆಗಲು ಕೊಟ್ಟರು.