ರಸೆಲ್ ಮಾರುಕಟ್ಟೆ ಮುಂದಿನ ಮೂರು ಮುಖದ ಆಟೊ

ವಿಮಾನಪುರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಪಂಚಾಕ್ಷರಯ್ಯನವರು ವಿಮಾನ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಟ್ಟು-ಬೋಲ್ಟುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. 2008ರ ಬೇಸಿಗೆಯವರೆಗೆ ಅವರಿಂದ ಯಾರಿಗೂ ತೊಂದರೆ ಇರಲಿಲ್ಲ. ಆ ಬೇಸಿಗೆಯಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡರು. ಮಳೆ ಹಿಡಿಯುವ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಎಚ್‌ಡಿಆರ್ ಎಂಬ ವಿದ್ಯೆ ಕೈಗೆ ಸಿಕ್ಕಿತು. ವಿದ್ಯೆ ಪೂರ್ತಿ ಬರುವ ಮೊದಲೇ ವಿಸಿಟಿಂಗ್ ಕಾರ್ಡು ಅಚ್ಚಾಗಿ ಬಂತು: "ಪಂಚಾಕ್ಷರಯ್ಯ, ವಾಹನ ಛಾಯಾಚಿತ್ರ ಕಲಾವಿದರು."

"ಒಂದ ಗಾಡೀದು ಮೂರು ಫೋಟೋ ತಗೀಬೇಕ್ರಿ," ಎಂದು ಕಾಂಪೌಂಡಿನ ಆಚೆಯಿಂದ ನನಗೆ ಪಾಠ ಮಾಡಿದರು. "ಒಂದು ಕಪ್ಪಗ, ಒಂದು ಹದವಾಗಿ, ಒಂದು ಬೆಳ್ಳಗ. ಮೂರನ್ನೂ ಕಂಪ್ಯೂಟರ್‌ನ್ಯಾಗ ಕೂಡಿಸಿದ್ರ ಬಿಸಲಾಗಿಂದೂ ಕಾಣತೈತಿ, ನೆರಳಾಗಿಂದೂ ಕಾಣತೈತಿ."

"ಕಣ್ಣಿಗೆ ಹೆಂಗೂ ಎರಡೂ ಕಾಣ್ತವಲ್ಲ ಸಾರ್?" ಎಂದೆ.

ಅವರು ನನ್ನನ್ನು ನೋಡಿ ಮರುಕದಿಂದ ನಕ್ಕು ಒಳಗೆ ಹೋದರು.

ಮೊದಲು ಬಲಿಯಾದದ್ದು ಗ್ಯಾಸ್ ಸಿಲಿಂಡರ್ ತರುವ ಗಾಡಿ. ಫೋಟೋದಲ್ಲಿ ಅದರ ಒಂದೊಂದು ತುಕ್ಕಿನ ಚುಕ್ಕೆಯೂ ಎದ್ದು ನಿಂತಿತ್ತು. ಆಕಾಶವಂತೂ ಪ್ರಳಯಕ್ಕೆ ಅರ್ಧ ಗಂಟೆ ಬಾಕಿ ಇದೆ ಎನ್ನುವಂತಿತ್ತು. ಕಂಪ್ಯೂಟರಿನ ಪರದೆ ನೋಡಿದ ಅವರ ಹೆಂಡತಿ ಕಮಲವ್ವ ಗಡಬಡಿಸಿ ಹಿತ್ತಲಿಗೆ ಓಡಿದರು. ತಿರುಗಿ ಬಂದಾಗ ತೋಳ ತುಂಬ ಬಟ್ಟೆ.

"ಹೊರಗ ಬಿಸಲೈತೆಲ್ಲೇ!"

"ನಿಮ್ಮ ಮ್ವಾಡ ನೋಡಿ ಎದಿ ಧಸಕ್ ಅಂತ್ರಿ. ಅರಿವಿ ಒಳಗ ತಂದೆ."

ಇಷ್ಟಾಗಿದ್ದರೆ ಮನೆಯೊಳಗಿನ ವಿಷಯ. ಆದರೆ ನವೆಂಬರಿನ ರಾಜ್ಯೋತ್ಸವಕ್ಕೆ ನಿವಾಸಿಗಳ ಸಂಘದ ಹಾಲಿನಲ್ಲಿ ಚಿತ್ರಪ್ರದರ್ಶನ ಇತ್ತು. ಬೆಳಗಿನ ಬೆಳಕಿನಲ್ಲಿ ರಸೆಲ್ ಮಾರುಕಟ್ಟೆ ಮುಂದೆ ನಿಂತ ಒಂದು ಆಟೊದ ಫೋಟೋ, ಒಳಗೆ ಹೊರಗೆ ಎಲ್ಲವೂ ಕಾಣುವಂತೆ, ತಾವು ತರುವುದಾಗಿ ಪಂಚಾಕ್ಷರಯ್ಯನವರು ಸಭೆಯಲ್ಲಿ ಎದ್ದು ನಿಂತು ಘೋಷಿಸಿಬಿಟ್ಟರು. ಕಾರ್ಯದರ್ಶಿ ಪ್ರವೀಣ ಬಾಗಿಲಿಗೆ ಎದುರಿನ ಗೋಡೆಯನ್ನೇ ಅವರಿಗೆ ಬಿಟ್ಟುಕೊಟ್ಟ. "ಸೋಮವಾರದೊಳಗೆ ಬರ್ಲಿಲ್ಲ ಅಂದ್ರೆ ಅಲ್ಲಿ ನನ್ನ ಗುಲಾಬಿ ಹೂವಿನ ಫೋಟೋ ಹಾಕ್ತೀನಿ ಸಾರ್," ಎಂದ. ಅವನ ಗುಲಾಬಿಯನ್ನು ಮೂರು ವರ್ಷದಿಂದ ನೋಡಿ ಬೇಸತ್ತಿದ್ದ ಎಲ್ಲರ ಕಣ್ಣೂ ಪಂಚಾಕ್ಷರಯ್ಯನವರ ಮೇಲೆ ಬಿತ್ತು. ಆ ನೋಟವನ್ನು ಅವರು ಅಭಿಮಾನ ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಮುಕ್ಕಾಲಿ ಸ್ಟ್ಯಾಂಡ್ ಹೊತ್ತುಕೊಂಡು ನಾನೂ ಜೊತೆಗೆ ಹೋದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತದ್ದೇ ತಡ, ಸಾಲಾಗಿ ನಿಂತಿದ್ದ ಆಟೊಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಕೊನೆಗೆ ಉಳಿದದ್ದು ಒಂದೇ, ಅದೂ ಡ್ರೈವರ್ ಟೀ ಕುಡಿಯುತ್ತಿದ್ದದ್ದರಿಂದ. ಅವನ ಹೆಸರು ಇನಾಯತ್ ಉಲ್ಲಾ. ಗ್ಲಾಸು ಕೆಳಗಿಟ್ಟು ಓಡಿಬಂದ.

"ಏನ್ ಸಾರ್, ಲೋನ್ ಕಂಪನಿನಾ? ಕಂತೆಲ್ಲಾ ಕ್ಲಿಯರ್ ಇದೆ!"

"ಅಲ್ರಿ, ಕಲೆ. ಕಲೆಗೋಸ್ಕರ."

"ಖಾಲಿ ಗಾಡಿ ಫೋಟೋ ಯಾರ್ ಸಾರ್ ತೆಗೀತಾರೆ? ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನೋರು, ಸೀಜ್ ಆದ್ರೆ ಲೋನ್‌ನೋರು, ಗುಜರಿಗೆ ಹೋದ್ರೆ ಗುಜರಿಯೋನು. ಓಡೋ ಗಾಡೀದು ಹಂಗೆ ತೆಗೀಬಾರ್ದು."

ಕಾರ್ಡು ಕೊಟ್ಟರೂ ಬಗ್ಗಲಿಲ್ಲ. ಇನ್ನೊಂದು ಟೀ ಕುಡಿಸಿದ ಮೇಲೆ ಒಪ್ಪಿದ. ಆದರೆ ಇಂಜಿನ್ ಆನ್ ಇರಬೇಕು ಎಂದ. ಆಟೊ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೂರು ಫೋಟೋ ಒಂದರ ಮೇಲೊಂದು ಕೂರಬೇಕಾದರೆ ಗಾಡಿ ಕೂದಲೆಳೆಯಷ್ಟೂ ಅಲ್ಲಾಡಬಾರದು ಎಂದು ಪಂಚಾಕ್ಷರಯ್ಯನವರು ಕೈ ಮುಗಿದರು.

"ಸರಿ, ಇಂಜಿನ್ ಬಂದ್ ಮಾಡ್ತೀನಿ. ಆದ್ರೆ ನಾನು ಒಳಗೆ ಕೂತಿರ್ತೀನಿ," ಎಂದ ಇನಾಯತ್ ಉಲ್ಲಾ.

"ಕೂಡ್ರಿ. ಕಲ್ಲಿನಂಗ ಕೂಡ್ರಿ."

ಮೂರನ್ನೂ ಪಟಪಟನೆ ತಾನೇ ತೆಗೆಯುವ ಏರ್ಪಾಡು ಆ ಕ್ಯಾಮೆರಾದಲ್ಲೇ ಇತ್ತು. ನಾನು ನೆನಪಿಸಿದೆ. "ಎಲ್ಲಾ ಕ್ಯಾಮೆರಾನ ಮಾಡಿದ್ರ ಕಲಾವಿದ ಯಾಕ ಬೇಕ್ರಿ?" ಎಂದರು. ಮೊದಲನೆಯದು ತೆಗೆದರು. ಕನ್ನಡಕ ಹಣೆಗೇರಿಸಿ, ಗುಂಡಿ ತಿರುಗಿಸಿ, ಮೋಡ ನೋಡಿ, ಕನ್ನಡಕ ಇಳಿಸಿದರು. ಅಷ್ಟರಲ್ಲಿ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಒಬ್ಬ ಅಜ್ಜಿ ಆಟೊ ಹತ್ತಿ ಕೂತಾಗಿತ್ತು.

"ಹಲಸೂರಿಗೆ ನಡಿಯಪ್ಪಾ."

"ಅಜ್ಜೀ, ಇಳೀರಿ! ಫೋಟೋ ನಡದೈತಿ!"

"ನಡೀಲಿ ಬಿಡಪ್ಪ, ನಂಗೇನು. ಹೂವ ಬಾಡೋಯ್ತದೆ."

ಎರಡನೆಯ ಕ್ಲಿಕ್ಕಿಗೆ ಇನಾಯತ್ ಉಲ್ಲಾ ಹಿಂದಕ್ಕೆ ತಿರುಗಿದ್ದ. ಮೂರನೆಯದಕ್ಕೆ ಬಾಡಿಗೆ ಕುದುರಿ ನಗುತ್ತಿದ್ದ. "ಸವಾರಿ ಬಂದ್ಮೇಲೆ ಬಿಡೋಕಾಗಲ್ಲ ಸಾರ್," ಎಂದವನೇ ಆಟೊ ಹೊರಡಿಸಿದ. ಹೊಗೆ ಕರಗುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಇನ್ನೊಂದು ಆಟೊ ಹತ್ತಿರ ಸುಳಿಯಲಿಲ್ಲ.

ಸಂಜೆ ಮೂರನ್ನೂ ಕೂಡಿಸಿದರು. ಗಾಡಿ ಬಂಡೆಯ ಹಾಗೆ ನಿಂತಿತ್ತು. ಹುಡ್ಡಿನ ಹೊಲಿಗೆ, ಮೀಟರಿನ ಗಾಜು, ಸೀಟಿನ ಕೆಳಗಿನ ಕತ್ತಲಲ್ಲಿದ್ದ ಒರೆಸುವ ಬಟ್ಟೆ, ಎಲ್ಲ ಸ್ಪಷ್ಟ. ಆದರೆ ಇನಾಯತ್ ಉಲ್ಲಾನಿಗೆ ಮೂರು ಮುಖ. ಅಜ್ಜಿಯ ಮೈಯೊಳಗಿಂದ ಮಾರುಕಟ್ಟೆಯ ಕಲ್ಲುಗೋಡೆ ಕಾಣುತ್ತಿತ್ತು.

"ದೆವ್ವ ಬಂದಂಗಾತು," ಎಂದು ತಲೆ ಮೇಲೆ ಕೈ ಹೊತ್ತು ಕೂತರು ಪಂಚಾಕ್ಷರಯ್ಯ. "ಗುಲಾಬಿನ ಹಾಕ್ಕೊಳ್ಳಲಿ ಅವ."

ಕಮಲವ್ವ ಬಗ್ಗಿ ನೋಡಿದರು. ಈ ಸಲ ಹಿತ್ತಲಿಗೆ ಓಡಲಿಲ್ಲ.

"ಇದೊಂದ ನೋಡ್ರಿ ಗಾಡಿ ಅನ್ನಸ್ತೈತಿ. ಬಾಕಿ ಎಲ್ಲಾ ಮಂದಿ ಸತ್ತ ಊರಾಗ ನಿಂತಂಗಿದ್ದುವು. ಇದನ್ನ ಹಾಕ್ರಿ."

ಹಾಕಿದರು. ಗುಲಾಬಿ ಹಿಂಬಾಗಿಲ ಕಡೆಗೆ ಹೋಯಿತು. ಪ್ರದರ್ಶನದ ದಿನ ಬೆಳಿಗ್ಗೆ ಇಡೀ ಕ್ವಾರ್ಟರ್ಸ್ ಆ ಫೋಟೋ ಮುಂದೆ ಮುತ್ತಿಕೊಂಡಿತು. ಮೊದಲ ಗುಂಪಿಗೆ ಪಂಚಾಕ್ಷರಯ್ಯನವರು "ಸ್ವಲ್ಪ ಅಲ್ಲಾಡೈತ್ರಿ" ಎಂದರು. ಮುಂದಿನ ಗುಂಪಿಗೆ "ಬೇಕಂತನ ಅಲ್ಲಾಡಿಸೇನ್ರಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಅವರ ಬಾಯಲ್ಲಿ ಅದು ಕಾಲದ ಮೂರು ಸ್ಥಿತಿಗಳಾಗಿ, ಪ್ರವೀಣ ಕೂಡ ತಲೆ ಆಡಿಸುತ್ತಿದ್ದ.

ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಸಂಜೆ ಇನಾಯತ್ ಉಲ್ಲಾ ಬಂದ. ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ತನ್ನ ಮುಖಗಳನ್ನು ಎಣಿಸಿದ. ಪಂಚಾಕ್ಷರಯ್ಯನವರು ಅವಸರದಿಂದ ಮುಂದೆ ಬಂದರು.

"ಬೇಕಂದ್ರ ಅಜ್ಜೀನ ಅಳಿಸಿ, ಒಂದ ಮುಖ ಇಟ್ಟು ಕೊಡ್ತೀನ್ರಿ."

"ಅಯ್ಯೋ, ಬ್ಯಾಡ ಸಾರ್! ಗಾಡಿ ನಿಂತಿದೆ, ಧಂದಾ ನಡೀತಿದೆ. ಇನ್ನೇನ್ ಬೇಕು?"

ಆಮೇಲೆ ಬಂದವರಿಗೆಲ್ಲ ಅವನೇ ಬೆರಳಿಟ್ಟು ವಿವರಿಸತೊಡಗಿದ: "ಈ ಮುಖ ಫೋಟೋಗೆ ಅಂತ ಕೂತಿದ್ದು, ಇದು ಅಜ್ಜಿ ಹತ್ತಿದಾಗ, ಇದು ಬಾಡಿಗೆ ಕುದುರಿದಾಗ." ಕಾಲದ ಸ್ಥಿತಿಗಳಿಗಿಂತ ಇದು ಜನಕ್ಕೆ ಬೇಗ ಅರ್ಥವಾಯಿತು. ಕಲಾವಿದರು ಎರಡು ಸಲ ಬಾಯಿ ಹಾಕಲು ನೋಡಿ, ಕೊನೆಗೆ ಅವನಿಗೊಂದು ಕುರ್ಚಿ ಹಾಕಿಕೊಟ್ಟರು. ಪಕ್ಕದಲ್ಲಿ ತಮಗೂ ಒಂದು ಎಳೆದುಕೊಂಡು, ತಮ್ಮದೇ ಫೋಟೋದ ವಿವರಣೆಯನ್ನು ಹಾಲ್ ಮುಚ್ಚುವವರೆಗೆ ಕೇಳುತ್ತ ಕೂತರು.