ಚಟ್ನಿಪುಡಿಯ ಅಸಲು ಮತ್ತು ಮುಯ್ಯಾಳು

ಹುಣಸೂರಿನ ದಿನಸಿ ಅಂಗಡಿಯವರು ತಿಂಗಳಿಗೆ ನೂರು ಪ್ಯಾಕೆಟ್ ಹುಚ್ಚೆಳ್ಳು ಚಟ್ನಿಪುಡಿ ಬೇಕು, ಸೋಮವಾರ ಬಂದು ರೇಟು ಹೇಳಿ ಅಂದಿದ್ದರು. ಕಟ್ಟೆಮಳಲವಾಡಿಯ ಮನೆಗೆ ಬರುವಷ್ಟರಲ್ಲಿ ಚಿಕ್ಕಮ್ಮ ಬಸ್ಸಿನಲ್ಲೇ ರೇಟು ತೀರ್ಮಾನಿಸಿಬಿಟ್ಟಿದ್ದಳು: ನಲವತ್ತೈದು ರೂಪಾಯಿ. ನನಗೆ ಹೇಳಿದ್ದು ಸಲಹೆ ಕೇಳಲಿಕ್ಕಲ್ಲ, ನಾನೂ ಖುಷಿಪಡಲಿ ಎಂದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ಕೆಟ್ಟಿದ್ದ ನನಗೆ ಖುಷಿಗೂ ಆಧಾರ ಬೇಕಿತ್ತು.

"ಒಂದಕ್ಕೆ ಅಸಲು ಎಷ್ಟು ಬೀಳುತ್ತೆ ಚಿಕ್ಕಮ್ಮ?"

"ಮೂವತ್ತಾರು. ಉಚ್ಚೆಳ್ಳು, ಮೆಣ್ಸಿನ್‌ಕಾಯಿ, ಬೆಳ್ಳುಳ್ಳಿ, ಕವರ್ರು, ಲೇಬಲ್ಲು, ಎಲ್ಲಾ ಸೇರ್ಸಿ. ಒಂಬತ್ತು ರೂಪಾಯ್ ಲಾಭ ಕಣ್ಲಾ."

"ಗ್ಯಾಸು?"

"ಅದು ಮನೇದಲ್ವೇನ್ಲಾ."

"ಮನೆಯ ಸಿಲಿಂಡರ್ ಯಾರಾದರೂ ಪುಕ್ಕಟೆ ಕೊಡ್ತಾರಾ? ಕೇರಿದಾಗ ಹೋಗೋ ಮಣ್ಣು ಕಡ್ಡಿಗೂ ದುಡ್ಡು ಕೊಟ್ಟೇ ತಂದಿದ್ದೀಯ."

ಗೊಣಗುತ್ತಲೇ ಎರಡಕ್ಕೂ ಸೇರಿಸಿ ಮೂರು ರೂಪಾಯಿ ಒಪ್ಪಿಕೊಂಡಳು. ಕೂಲಿ ಎಷ್ಟು ಎಂದೆ.

"ಯಾರ್ಗ್ಲಾ ಕೂಲಿ? ಅವ್ರೆಲ್ಲಾ ಮುಯ್ಯಾಳು."

ನಮ್ಮ ಕಡೆ ಮುಯ್ಯಾಳೆಂದರೆ ಆಳಿಗೆ ಆಳು. ಇವತ್ತು ನೀವು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಾವು ನಿಮ್ಮದಕ್ಕೆ. ನಡುವೆ ದುಡ್ಡಿನ ಮಾತಿಲ್ಲ. ನೂರು ಪ್ಯಾಕೆಟ್ಟಿಗೆ ನಾಲ್ಕು ಹೆಂಗಸರು ಒಂದಿಡೀ ದಿನ ಕೇರಬೇಕು, ಹುರಿಯಬೇಕು, ಪುಡಿ ಮಾಡಿ ಸೀಲ್ ಹಾಕಬೇಕು. ಚಿಕ್ಕಮ್ಮನ ಜೊತೆ ಮೂವರು ಬರುತ್ತಿದ್ದರು. ಬದಲಿಗೆ ಇವಳು ಅವರ ಹೊಲಗಳಿಗೆ ಹೋಗಿ, ಒಣಗಿಸಲು ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದಳು. ಹಸಿ ಎಲೆ ಮುಟ್ಟಿದರೆ ಇವಳಿಗೆ ತಲೆ ಸುತ್ತಿ ವಾಂತಿ. ಅಂಟು ಹಿಡಿದ ಕೈಗೆ ಎಷ್ಟು ಸೋಪು ಹಾಕಿದರೂ ರಾತ್ರಿ ಊಟ ಸೇರುತ್ತಿರಲಿಲ್ಲ. ಚಟ್ನಿಪುಡಿ ಶುರು ಮಾಡಿದ್ದೇ ಆ ಸೊಪ್ಪಿನ ಸಹವಾಸ ಬಿಡಲಿಕ್ಕೆ.

ಅದನ್ನೇ ಹಿಡಿದೆ. "ಸೊಪ್ಪು ಬಿಡೋಕೆ ಪುಡಿ ಮಾಡ್ತೀಯ. ಪುಡಿ ಮಾಡಿಸೋಕೆ ಸೊಪ್ಪು ಕಟ್ತೀಯ. ತಿಂಗಳಿಗೆ ನೂರು ಅಂದರೆ ತಿಂಗಳಿಗೆ ಮೂರು ದಿನದ ಋಣ. ಅದು ಖರ್ಚಲ್ಲದೆ ಇನ್ನೇನು?"

"ಅಕ್ಕಪಕ್ಕದೋರ್ ಜತೆ ಬಾಳೋದ್ನೂ ಖರ್ಚು ಅಂತ ಬರೀತೀಯಲ್ಲೋ, ಕೆಟ್ ಬಾಯೋನೆ!" ಎಂದು ಬೈದಳು. ಆದರೆ ಮೊರ ಕೆಳಗಿಟ್ಟು ಕೂತಳು. "ಕೂಲಿ ಆಕುದ್ರೆ ಎಷ್ಟಾಯ್ತದೆ?" ಎಂದಳು.

ದಿನಕ್ಕೆ ಮುನ್ನೂರೈವತ್ತರಂತೆ, ಅವಳದ್ದೂ ಸೇರಿಸಿ, ಪ್ಯಾಕೆಟ್ಟಿಗೆ ಹದಿನಾಲ್ಕು. ಒಟ್ಟು ಐವತ್ಮೂರು. ನಲವತ್ತೈದಕ್ಕೆ ಒಪ್ಪಿದ್ದರೆ ಒಂದೊಂದರ ಮೇಲೂ ಎಂಟು ರೂಪಾಯಿ ಅವಳೇ ಕೈಯಿಂದ ಹಾಕಬೇಕಿತ್ತು.

ಸೋಮವಾರ ಅರವತ್ತು ಎಂದಳು. ಅಂಗಡಿಯವರು ನಕ್ಕರು. "ಚಿನ್ನ ಅರೆದಾಕ್ತೀರೇನಮ್ಮ ಇದಕ್ಕೆ? ಕಂಪನಿ ಮಾಲೇ ಐವತ್ತಕ್ಕೆ ಬತ್ತದೆ." ಚಿಕ್ಕಮ್ಮ ಪ್ಯಾಕೆಟ್ ಒಡೆದು ಅವರ ಅಂಗೈಗೆ ಪುಡಿ ಸುರಿದಳು. ಅವರು ನೆಕ್ಕಿ, ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕೊನೆಗೆ ಐವತ್ತೆಂಟಕ್ಕೆ ಬಂತು. ಆದರೆ ನೂರಲ್ಲ, ಐವತ್ತು ಪ್ಯಾಕೆಟ್. ಆರ್ಡರ್ ಅರ್ಧವಾದದ್ದಕ್ಕೆ ಚಿಕ್ಕಮ್ಮ ಬಸ್ಸಿನುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಐವತ್ತಕ್ಕೆ ಇಬ್ಬರೇ ಸಾಕು. ಆ ಮೂವರಲ್ಲಿ ಪಕ್ಕದ ಮನೆಯಾಕೆ ಬಂದು ಸಂಜೆಯವರೆಗೆ ದುಡಿದಳು. ಹೊರಡುವಾಗ ಚಿಕ್ಕಮ್ಮ ದುಡ್ಡು ಚಾಚಿದಳು. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಏನಮ್ಮಿ ಇದು? ನಾನೇನ್ ನಿಮ್ಮನೆ ಕೂಲಿಯೋಳಾ?"

ಈ ಪ್ರಶ್ನೆ ನನ್ನ ವಾದದಲ್ಲಿ ಎಲ್ಲೂ ಇರಲಿಲ್ಲ. ಬಾಯಿ ತೆರೆದೆ. ಚಿಕ್ಕಮ್ಮ, "ನೀನ್ ಮುಚ್ಕೊಂಡಿರ್ಲಾ" ಎಂದಳು. ಆಮೇಲೆ ಆಕೆಯ ಕಡೆ ತಿರುಗಿದಳು.

"ನಾನಿನ್ ಸೊಪ್ ಕಟ್ಟಕ್ ಬರಲ್ಲ ಕಣಕ್ಕ. ನಂಗಾಗಕಿಲ್ಲ. ಅದುಕ್ಕೆ ಕೊಡ್ತಿರೋದು."

ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡಳು.

"ವಾಂತಿ ಮಾಡ್ಕೊಂಡ್ ಮಾಡ್ಕೊಂಡ್ ಬತ್ತಿದ್ದಲ್ಲ, ಆವಾಗ್ಲೇ ಬಾಯ್ಬುಟ್ ಯೋಳಕ್ಕೆ ಏನಾಗಿತ್ತು ನಿಂಗೆ?" ಎಂದು ದುಡ್ಡು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. "ಸೊಪ್ಗೆ ಬ್ಯಾರೆಯೋರ್ನ ನೋಡ್ಕತೀನಿ ಬುಡು. ಬರೋ ತಿಂಗ್ಳು ಯಾವತ್ತು ಉಚ್ಚೆಳ್ಳು ಉರಿಯೋದು?"